ಆಡಿ ಡಾಸ್ಲರ್

ಅಡಾಲ್ಫ್ ಡಾಸ್ಲರ್ (ನವೆಂಬರ್ 3, 1900 – ಸೆಪ್ಟೆಂಬರ್ 6, 1978) ಜರ್ಮನಿಯ ಪಾದರಕ್ಷೆ ತಯಾರಕರು, ಸಂಶೋಧಕರು ಹಾಗೂ ಉದ್ಯಮಿ. ಆಡಿ ಎಂಬ ಮೊಟಕು ಹೆಸರಿನಿಂದಲೇ ಇವರು ಪ್ರಸಿದ್ಧರು. ಕ್ರೀಡಾ ಸಾಮಗ್ರಿಗಳನ್ನು ತಯಾರಿಸುವ ಅಡಿಡಾಸ್ ಸಂಸ್ಥೆಯನ್ನು ಸ್ಥಾಪಿಸಿದವರು ಇವರೇ. ಪೂಮಾ ಸಂಸ್ಥೆಯ ಸ್ಥಾಪಕರಾದ ರುಡಾಲ್ಫ್ ಡಾಸ್ಲರ್ ಇವರ ಅಣ್ಣ. ಒಂದೇ ಬಗೆಯ ಪಾದರಕ್ಷೆ ಎಲ್ಲ ಆಟಗಳಿಗೂ ಒದಗಲಾರದು, ಪ್ರತಿಯೊಂದು ಕ್ರೀಡೆಯ ಚಲನೆಗೂ ಅದರ ನೆಲಕ್ಕೂ ತಕ್ಕಂತೆ ಶೂ ಬೇರೆಬೇರೆಯಾಗಿ ರೂಪುಗೊಳ್ಳಬೇಕು ಎಂಬ ವಿಚಾರವನ್ನು ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾರ್ಯರೂಪಕ್ಕೆ ತಂದರು. ಕ್ರೀಡೆಯ ಅಗತ್ಯಕ್ಕೆ ಅತ್ಯುತ್ತಮವಾಗಿ ಹೊಂದುವುದು, ಕ್ರೀಡಾಪಟುವನ್ನು ಗಾಯದಿಂದ ಕಾಪಾಡುವುದು, ಬಾಳಿಕೆ ಬರುವುದು ಎಂಬ ಮೂರು ತತ್ತ್ವಗಳು ಅವರ ಕೆಲಸಕ್ಕೆ ಆಧಾರವಾಗಿದ್ದವು. ಕ್ರೀಡಾ ಪಾದರಕ್ಷೆಗಳಿಗೆ ಸಂಬಂಧಿಸಿದಂತೆ ಸುಮಾರು 700 ಪೇಟೆಂಟ್ ಹಾಗೂ ಇತರ ಹಕ್ಕುಗಳು ಅವರ ಹೆಸರಿನೊಂದಿಗೆ ಸೇರಿಕೊಂಡಿವೆ.

ಜನನ ಮತ್ತು ಬಾಲ್ಯ

ಆಡಿ ಡಾಸ್ಲರ್ ಜರ್ಮನಿಯ ಬವೇರಿಯ ಪ್ರಾಂತ್ಯದಲ್ಲಿ, ನ್ಯೂರೆಂಬರ್ಗ್ ನಗರಕ್ಕೆ ಸಮೀಪದ ಹೆರ್ಜೋಗೆನೌರಾಖ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಆರಾಖ್ ಎಂಬ ಚಿಕ್ಕ ನದಿ ಈ ಊರನ್ನು ಎರಡಾಗಿ ಸೀಳಿ ಹರಿಯುತ್ತದೆ. ನೇಯ್ಗೆ ಊರಿನ ಹಳೆಯ ಕಸುಬಾಗಿತ್ತು. ಯಂತ್ರದ ಮಗ್ಗಗಳು ಬಂದು ಕೈಮಗ್ಗಗಳು ಸೊರಗಿದಾಗ ಅಲ್ಲಿನ ಜನ ಮನೆಯೊಳಗೆ ತೊಡುವ ಬಟ್ಟೆಯ ಚಪ್ಪಲಿ ಮತ್ತು ಶೂಗಳ ತಯಾರಿಕೆಗೆ ತಿರುಗಿದ್ದರು. ಆಡಿಯವರ ತಂದೆ ಕ್ರಿಸ್ಟೋಫ್ ಡಾಸ್ಲರ್ ಅವರದೂ ಇದೇ ಕಥೆ. ನೇಕಾರರ ವಂಶದಲ್ಲಿ ಹುಟ್ಟಿದ ಅವರು ಶೂ ಕಾರ್ಖಾನೆಯ ಕೆಲಸಗಾರರಾದರು. ತಾಯಿ ಪೌಲೀನ್ ಮನೆಯ ಹಿಂಭಾಗದ ಕೋಣೆಯಲ್ಲಿ ಊರಿನವರ ಬಟ್ಟೆ ಒಗೆದುಕೊಡುವ ಉದ್ಯೋಗ ನಡೆಸುತ್ತಿದ್ದರು. ಒಗೆದ ಬಟ್ಟೆಗಳನ್ನು ಮನೆಮನೆಗೆ ತಲುಪಿಸುವ ಕೆಲಸ ಗಂಡುಮಕ್ಕಳದಾಗಿತ್ತು. ಫ್ರಿಟ್ಜ್ ಮತ್ತು ರುಡಾಲ್ಫ್ ಆಡಿಯವರ ಅಣ್ಣಂದಿರು, ಮರೀ ಅಕ್ಕ. ನಾಲ್ವರಲ್ಲಿ ಆಡಿಯವರೇ ಕಿರಿಯರು.

ತಂದೆಯ ಇಚ್ಛೆಯಂತೆ ಆಡಿ ಬ್ರೆಡ್ ತಯಾರಿಸುವ ವೃತ್ತಿಯಲ್ಲಿ ತರಬೇತಿ ಪಡೆದು ಮುಗಿಸಿದರು. ಆದರೆ ಆ ಕಸುಬು ಅವರಿಗೆ ಹಿಡಿಸಲಿಲ್ಲ. ಅವರ ಮನಸ್ಸೆಲ್ಲ ಆಟೋಟಗಳಲ್ಲಿತ್ತು. ಓಟ, ಜಿಗಿತ, ಈಟಿ ಎಸೆತ, ಫುಟ್ಬಾಲ್, ಚಳಿಗಾಲದಲ್ಲಿ ಹಿಮದ ಮೇಲಿನ ಸ್ಕೀ ಹೀಗೆ ಹಲವು ಆಟಗಳಲ್ಲಿ ಅವರು ಭಾಗವಹಿಸುತ್ತಿದ್ದರು. ಊರಿನ ಕಮ್ಮಾರರ ಮಗ ಫ್ರಿಟ್ಜ್ ಜೇಲೈನ್ ಅವರ ಆಟದ ಸಂಗಾತಿ. ಬೇರೆಬೇರೆ ಆಟಗಳಲ್ಲಿ ಪಾದಕ್ಕೆ ಬೇರೆಬೇರೆ ಬಗೆಯ ಒತ್ತಡ ಬೀಳುತ್ತದೆ, ಆದರೆ ಆಟಗಾರರು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ರೀತಿಯ ಭಾರವಾದ ಶೂ ತೊಡುತ್ತಾರೆ ಎಂಬುದು ಆಡಿಯವರ ಗಮನಕ್ಕೆ ಬಂದದ್ದು ಈ ಅನುಭವದಿಂದ.

ಬಟ್ಟೆ ಒಗೆಯುವ ಕೋಣೆಯಲ್ಲಿ ಆರಂಭ

ಮೊದಲನೆಯ ಮಹಾಯುದ್ಧದ ಕೊನೆಯ ವರ್ಷವಾದ 1918ರಲ್ಲಿ ಆಡಿ ಸೈನ್ಯಕ್ಕೆ ಸೇರಬೇಕಾಯಿತು. 1919ರಲ್ಲಿ ಅವರು ಊರಿಗೆ ಮರಳಿದಾಗ ಜರ್ಮನಿ ಸೋತು ಬಡವಾಗಿತ್ತು. ಹಣ ಕೊಟ್ಟು ಬಟ್ಟೆ ಒಗೆಸುವವರು ಇಲ್ಲವಾಗಿ ತಾಯಿಯ ಉದ್ಯೋಗವೂ ನಿಂತಿತ್ತು. ಖಾಲಿ ಬಿದ್ದಿದ್ದ ಆ ಕೋಣೆಯನ್ನೇ ಆಡಿ ತಮ್ಮ ಕಾರ್ಯಾಗಾರವನ್ನಾಗಿ ಮಾಡಿಕೊಂಡರು. ತೊಗಲು ಸಿಗುವುದು ದುರ್ಲಭವಾಗಿತ್ತು. ಸೈನ್ಯ ಬಿಟ್ಟುಹೋದ ಚೀಲ, ಶಿರಸ್ತ್ರಾಣ, ಪ್ಯಾರಾಚೂಟ್ ಮೊದಲಾದವುಗಳಿಂದ ಚರ್ಮದ ತುಂಡುಗಳನ್ನೂ ಬಟ್ಟೆಯನ್ನೂ ಕತ್ತರಿಸಿ ತೆಗೆದು ಅವರು ಪಾದರಕ್ಷೆ ಹೊಲಿಯತೊಡಗಿದರು. ವಿದ್ಯುತ್ತಿನ ಪೂರೈಕೆ ನೆಚ್ಚುವಂತಿರಲಿಲ್ಲ. ಆದ್ದರಿಂದ ತೊಗಲು ಹದಮಾಡುವ ಯಂತ್ರವನ್ನು ಸೈಕಲ್ಲಿಗೆ ಜೋಡಿಸಿ, ಪೆಡಲ್ ತುಳಿದು ನಡೆಸುವ ವ್ಯವಸ್ಥೆಯನ್ನು ಅವರೇ ರೂಪಿಸಿಕೊಂಡರು.

ಆರಂಭದಲ್ಲಿ ಹೊಟ್ಟೆಪಾಡಿಗೆ ದಿನಬಳಕೆಯ ಚಪ್ಪಲಿಗಳೇ ಆಧಾರವಾದವು. ಕ್ರೀಡೆಗೆಂದೇ ಶೂ ಮಾಡುವ ಆಸೆ ಬಿಡುವಿನ ವೇಳೆಯ ಪ್ರಯೋಗಗಳಲ್ಲಿ ಬೆಳೆಯಿತು. ಗೆಳೆಯ ಜೇಲೈನ್ ತಮ್ಮ ಕುಲುಮೆಯಲ್ಲಿ ಬಡಿದುಕೊಟ್ಟ ಕಬ್ಬಿಣದ ಮೊಳೆಗಳನ್ನು ಅಟ್ಟೆಗೆ ಕೂರಿಸಿ ಆಡಿ ಓಟದ ಶೂಗಳನ್ನು ಮಾಡಿದರು. 1925ರ ವೇಳೆಗೆ ತೊಗಲಿನ ಗುಬುಟುಗಳುಳ್ಳ ಫುಟ್ಬಾಲ್ ಬೂಟುಗಳೂ, ಕೈಯಿಂದ ಬಡಿದ ಮೊಳೆಗಳುಳ್ಳ ಓಟದ ಶೂಗಳೂ ಅಲ್ಲಿ ತಯಾರಾಗುತ್ತಿದ್ದವು.

ಡಾಸ್ಲರ್ ಸಹೋದರರ ಕಾರ್ಖಾನೆ

1923ರಲ್ಲಿ ಅಣ್ಣ ರುಡಾಲ್ಫ್ ಉದ್ಯಮದಲ್ಲಿ ಪಾಲುದಾರರಾದರು. ಜುಲೈ 1, 1924ರಂದು ಡಾಸ್ಲರ್ ಸಹೋದರರ ಶೂ ಕಾರ್ಖಾನೆ ಎಂಬ ಹೆಸರಿನಲ್ಲಿ ಸಂಸ್ಥೆ ನೋಂದಣಿಯಾಯಿತು. ಇಬ್ಬರ ಸ್ವಭಾವಗಳೂ ಬೇರೆಬೇರೆ. ಆಡಿ ಮಿತಭಾಷಿ, ಕಾರ್ಯಾಗಾರದಲ್ಲಿಯೇ ದಿನ ಕಳೆಯುವವರು. ರುಡಾಲ್ಫ್ ಮಾತುಗಾರರು, ವ್ಯಾಪಾರದಲ್ಲಿ ಚತುರರು. ಒಬ್ಬರು ತಯಾರಿಕೆಯನ್ನೂ ಇನ್ನೊಬ್ಬರು ಮಾರಾಟವನ್ನೂ ನೋಡಿಕೊಂಡದ್ದರಿಂದ ಸಂಸ್ಥೆ ಬೇಗ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಕಾರ್ಖಾನೆ ಊರಿನ ರೈಲು ನಿಲ್ದಾಣದ ಬಳಿಯ ದೊಡ್ಡ ಕಟ್ಟಡಕ್ಕೆ ಸ್ಥಳಾಂತರಗೊಂಡಿತು.

ಜರ್ಮನ್ ಅಥ್ಲೆಟಿಕ್ಸ್ ತಂಡದ ತರಬೇತುದಾರ ಯೋಸೆಫ್ ವೈಟ್ಸರ್ ಅವರ ಸ್ನೇಹ ಆಡಿಯವರಿಗೆ ಬಹಳ ಉಪಯುಕ್ತವಾಯಿತು. ಓಟಗಾರರಿಗೆ ಏನು ಬೇಕು, ಯಾವ ಶೂ ಎಲ್ಲಿ ಕಚ್ಚುತ್ತದೆ, ಯಾವ ಮೊಳೆ ಎಲ್ಲಿದ್ದರೆ ಹೆಜ್ಜೆಗೆ ಹಿಡಿತ ಸಿಗುತ್ತದೆ ಎಂಬುದನ್ನು ಬಲ್ಲ ಅನುಭವಿಯೊಬ್ಬರು ಅವರಿಗೆ ಸಲಹೆಗಾರರಾಗಿ ದೊರೆತರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಮೊಟ್ಟಮೊದಲ ಬಾರಿಗೆ 800 ಮೀಟರ್ ಓಟವನ್ನು ಏರ್ಪಡಿಸಲಾಗಿತ್ತು. ಜರ್ಮನಿಯ ಲೀನಾ ರಾಡ್ಕೆ ಡಾಸ್ಲರ್ ಶೂ ತೊಟ್ಟು ಓಡಿ, ವಿಶ್ವದಾಖಲೆಯೊಂದಿಗೆ ಚಿನ್ನದ ಪದಕ ಗೆದ್ದರು. ಸಣ್ಣ ಊರಿನ ಕಾರ್ಖಾನೆಯೊಂದರ ಹೆಸರು ದೇಶದ ಹೊರಗೂ ಕೇಳಿಬಂದದ್ದು ಆಗ.

ತಾವು ಸ್ವಂತ ಅನುಭವದಿಂದ ಕಲಿತದ್ದು ಸಾಲದೆಂದು ಭಾವಿಸಿದ ಆಡಿ, ಉದ್ಯಮ ಚೆನ್ನಾಗಿ ನಡೆಯುತ್ತಿದ್ದಾಗಲೇ ಪಿರ್ಮಾಸೆನ್ಸ್ ನಗರದ ಪಾದರಕ್ಷೆ ತಯಾರಿಕೆಯ ಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. ಶೂವಿನ ಅಳತೆಗೂ ಆಕಾರಕ್ಕೂ ಮೂಲವಾದದ್ದು ಪಾದದ ರೂಪದ ಮರದ ಅಚ್ಚು. ಅಚ್ಚು ತಪ್ಪಾದರೆ ಎಷ್ಟೇ ಒಳ್ಳೆಯ ತೊಗಲಾದರೂ ಪಾದವನ್ನು ನೋಯಿಸುತ್ತದೆ. ಆ ಊರಿನಲ್ಲಿ ಇಂಥ ಅಚ್ಚುಗಳನ್ನು ತಯಾರಿಸುತ್ತಿದ್ದ ಫ್ರಾಂಟ್ಸ್ ಮಾರ್ಟ್ಸ್ ಅವರ ಮಗಳು ಕೇಟೆ ಅವರೊಂದಿಗೆ ಆಡಿಯವರ ಪರಿಚಯವಾಯಿತು. 1934ರಲ್ಲಿ ಇಬ್ಬರ ವಿವಾಹ ನೆರವೇರಿತು. ಈ ದಂಪತಿಗೆ ಹೋರ್ಸ್ಟ್ ಎಂಬ ಮಗನೂ ನಾಲ್ವರು ಹೆಣ್ಣುಮಕ್ಕಳೂ ಜನಿಸಿದರು. ಮುಂದಿನ ದಿನಗಳಲ್ಲಿ ಕೇಟೆ ಡಾಸ್ಲರ್ ಸಂಸ್ಥೆಯ ಆಡಳಿತದಲ್ಲಿ ಮುಖ್ಯ ಪಾತ್ರ ವಹಿಸಿದರು. 1930ರ ದಶಕದ ನಡುವಿನ ಹೊತ್ತಿಗೆ ಕಾರ್ಖಾನೆಯಲ್ಲಿ ಸುಮಾರು 100 ಕೆಲಸಗಾರರಿದ್ದರು, 11 ಕ್ರೀಡೆಗಳಿಗಾಗಿ 30 ಬಗೆಯ ಶೂಗಳು ತಯಾರಾಗುತ್ತಿದ್ದವು.

ನಾಜಿ ಆಡಳಿತದ ಕಾಲ

ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳುಗಳಲ್ಲಿ, ಮೇ 1, 1933ರಂದು, ಮೂವರು ಡಾಸ್ಲರ್ ಸಹೋದರರೂ ನಾಜಿ ಪಕ್ಷದ ಸದಸ್ಯರಾದರು. ಕ್ರೀಡೆಗೂ ದೇಹಸಾಧನೆಗೂ ಆ ಆಡಳಿತ ನೀಡಿದ ಮಹತ್ತ್ವದಿಂದ ಅವರ ಉದ್ಯಮಕ್ಕೆ ಲಾಭವೇ ಆಯಿತು. ಆಡಿ ಹಿಟ್ಲರ್ ಯುವದಳಕ್ಕೆ ಕ್ರೀಡಾ ತರಬೇತುದಾರರಾಗಿಯೂ ಶೂಗಳ ಪೂರೈಕೆದಾರರಾಗಿಯೂ ಕೆಲಸ ಮಾಡಿದರು. ಅವರ ಜೀವನಚರಿತ್ರೆಯಲ್ಲಿ ಇದು ಮರೆಮಾಚಲಾಗದ ಅಧ್ಯಾಯ.

ಇದೇ ಅವಧಿಯಲ್ಲಿ 1936ರ ಬರ್ಲಿನ್ ಒಲಿಂಪಿಕ್ಸ್ ನಡೆಯಿತು. ಆರ್ಯ ಜನಾಂಗದ ಶ್ರೇಷ್ಠತೆಯನ್ನು ಸಾರಲು ನಾಜಿಗಳು ಬಳಸಿಕೊಳ್ಳಬಯಸಿದ್ದ ಆ ಕೂಟದಲ್ಲಿ ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನದ ಪದಕಗಳನ್ನು ಗೆದ್ದರು. 100 ಮೀಟರ್, 200 ಮೀಟರ್, ಉದ್ದ ಜಿಗಿತ ಮತ್ತು 4×100 ಮೀಟರ್ ರಿಲೇ ಓಟಗಳು ಅವರ ಗೆಲುವಿನ ಸ್ಪರ್ಧೆಗಳು. ಓವೆನ್ಸ್ ಅಲ್ಲಿ ಡಾಸ್ಲರ್ ಕಾರ್ಖಾನೆಯ ಮೊಳೆಶೂಗಳನ್ನು ತೊಟ್ಟಿದ್ದರು. ಪಕ್ಷದ ಸದಸ್ಯರೊಬ್ಬರು ಮಾಡಿದ ಶೂ, ಅದೇ ಪಕ್ಷದ ಜನಾಂಗವಾದವನ್ನು ಸುಳ್ಳಾಗಿಸಿದ ಓಟಗಾರನ ಕಾಲಿನಲ್ಲಿದ್ದದ್ದು ಇತಿಹಾಸದ ಒಂದು ವೈಚಿತ್ರ್ಯ.

ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಕ್ರೀಡಾ ಶೂಗಳ ತಯಾರಿಕೆಗೆ ಮಿತಿ ಹೇರಲಾಯಿತು. ಆಡಿಯವರನ್ನು ಸೈನ್ಯಕ್ಕೆ ಕರೆಸಿಕೊಂಡರೂ, ಕಾರ್ಖಾನೆಗೆ ಅವರು ಅನಿವಾರ್ಯವೆಂದು 1941ರಲ್ಲಿ ಬಿಡುಗಡೆ ಮಾಡಲಾಯಿತು. ಯುದ್ಧದ ಕೊನೆಯ ಹಂತದಲ್ಲಿ ಶೂ ತಯಾರಿಕೆ ಸಂಪೂರ್ಣ ನಿಂತು, ಟ್ಯಾಂಕುಗಳನ್ನು ಹೊಡೆಯುವ ಪಾಂಜರ್‌ಶ್ರೆಕ್ ಎಂಬ ಆಯುಧದ ಭಾಗಗಳನ್ನು ಅಲ್ಲಿ ತಯಾರಿಸಬೇಕಾಯಿತು. 1945ರಲ್ಲಿ ಅಮೆರಿಕದ ಸೈನ್ಯ ಊರನ್ನು ವಶಪಡಿಸಿಕೊಂಡಿತು. ಬಳಿಕ ಆ ಸೈನಿಕರೇ ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಮುಂತಾದ ಆಟಗಳ ಶೂಗಳಿಗೆ ಗಿರಾಕಿಗಳಾದರು.

ಯುದ್ಧಾನಂತರ ನಾಜಿ ಪಕ್ಷದ ಸದಸ್ಯರ ಹೊಣೆಗಾರಿಕೆಯನ್ನು ನಿರ್ಣಯಿಸುವ ವಿಚಾರಣೆಗಳು ನಡೆದವು. 1946ರಲ್ಲಿ ಆಡಿಯವರನ್ನು ಮೊದಲು ತಪ್ಪಿತಸ್ಥರ ವರ್ಗದಲ್ಲಿ ಸೇರಿಸಲಾಯಿತು. ಇದರಿಂದ ಕಾರ್ಖಾನೆ ಕೈತಪ್ಪುವ ಸಂಭವವಿತ್ತು. ಯಹೂದಿ ಮೂಲದ ನೆರೆಯೂರಿನ ಮೇಯರ್ ಒಬ್ಬರು, ಬಂಧನದ ಅಪಾಯವನ್ನು ಮುಂಚಿತವಾಗಿ ತಿಳಿಸಿ ಆಡಿ ತಮ್ಮನ್ನು ಕಾಪಾಡಿದರೆಂದು ಸಾಕ್ಷ್ಯ ನುಡಿದರು. ಮೇಲ್ಮನವಿಗಳ ನಂತರ 1947ರಲ್ಲಿ ಅವರನ್ನು ಕೇವಲ ಹಿಂಬಾಲಕರ ವರ್ಗಕ್ಕೆ ಇಳಿಸಲಾಯಿತು.

ಸಹೋದರರ ಬೇರ್ಪಡಿಕೆ

ಇಬ್ಬರು ಸಹೋದರರ ನಡುವೆ ಯುದ್ಧಕಾಲದಲ್ಲಿಯೇ ಮನಸ್ತಾಪ ಬೆಳೆದಿತ್ತು. ಯುದ್ಧಾನಂತರ ಅಮೆರಿಕನ್ನರು ರುಡಾಲ್ಫ್ ಅವರನ್ನು ಬಂಧಿಸಿ ಸುಮಾರು ಒಂದು ವರ್ಷ ಶಿಬಿರದಲ್ಲಿರಿಸಿದರು. ತಮ್ಮ ಬಗ್ಗೆ ಮಾಹಿತಿ ಕೊಟ್ಟವರು ತಮ್ಮನೇ ಎಂಬ ಸಂಶಯ ರುಡಾಲ್ಫ್ ಅವರ ಮನಸ್ಸಿನಲ್ಲಿ ಬೇರೂರಿತು. ಆಡಿಯವರ ವಿಚಾರಣೆಯಲ್ಲಿಯೂ ಸಹೋದರರ ಆರೋಪ ಪ್ರತ್ಯಾರೋಪಗಳು ಹೊರಬಂದವು. ಒಂದೇ ಮನೆಯಲ್ಲಿ ವಾಸವಾಗಿದ್ದ ಎರಡು ಕುಟುಂಬಗಳ ನಡುವಿನ ಕಲಹವೂ ಇದಕ್ಕೆ ಸೇರಿತ್ತು.

1948ರಲ್ಲಿ ಆಸ್ತಿ ಪಾಲಾಯಿತು. ರೈಲು ನಿಲ್ದಾಣದ ಬಳಿಯ ಕಾರ್ಖಾನೆ ಆಡಿಯವರಿಗೆ ಉಳಿಯಿತು. ರುಡಾಲ್ಫ್ ನದಿಯಾಚೆಯ ಕಾರ್ಖಾನೆಗೆ ಹೋಗಿ, ಮುಂದೆ ಪೂಮಾ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದರು. ಯಾರೊಂದಿಗೆ ಇರಬೇಕೆಂಬ ಆಯ್ಕೆಯನ್ನು ಕೆಲಸಗಾರರಿಗೇ ಬಿಡಲಾಯಿತು. ತಯಾರಿಕೆ ಬಲ್ಲವರು ಹೆಚ್ಚಾಗಿ ಆಡಿಯವರ ಬಳಿ ಉಳಿದರೆ, ಮಾರಾಟದವರು ಹೆಚ್ಚಾಗಿ ರುಡಾಲ್ಫ್ ಅವರೊಂದಿಗೆ ಹೋದರು. ಊರೂ ಎರಡು ಬಣಗಳಾಯಿತು. ಎದುರಿಗೆ ಬಂದವರ ಮುಖ ನೋಡುವ ಮುನ್ನ ಅವರ ಕಾಲಿನಲ್ಲಿ ಯಾವ ಶೂ ಇದೆಯೆಂದು ತಲೆ ತಗ್ಗಿಸಿ ನೋಡುತ್ತಿದ್ದರೆಂಬ ಕಾರಣಕ್ಕೆ ಹೆರ್ಜೋಗೆನೌರಾಖ್ ಬಾಗಿದ ಕತ್ತುಗಳ ಊರು ಎಂದು ಪ್ರಸಿದ್ಧವಾಯಿತು.

ಅಡಿಡಾಸ್ ಮತ್ತು ಮೂರು ಪಟ್ಟಿಗಳು

ಆಗಸ್ಟ್ 18, 1949ರಂದು ಆಡಿ ಡಾಸ್ಲರ್ ತಮ್ಮ ಹೊಸ ಸಂಸ್ಥೆಯನ್ನು 47 ಕೆಲಸಗಾರರೊಂದಿಗೆ ನೋಂದಾಯಿಸಿದರು. ಆಡಿ ಎಂಬ ಮೊಟಕು ಹೆಸರಿಗೆ ಮನೆತನದ ಹೆಸರಿನ ಮೊದಲ ಭಾಗವನ್ನು ಜೋಡಿಸಿ ಅಡಿಡಾಸ್ ಎಂಬ ಹೆಸರನ್ನು ರೂಪಿಸಲಾಯಿತು. ಇಂಗ್ಲಿಷ್ ವಾಕ್ಯವೊಂದರ ಮೊದಲಕ್ಷರಗಳಿಂದ ಈ ಹೆಸರು ಬಂದಿತೆಂಬ ಜನಪ್ರಿಯ ನಂಬಿಕೆ ಸರಿಯಲ್ಲ.

ಸಂಸ್ಥೆಯ ಗುರುತಾಗಿರುವ ಮೂರು ಪಟ್ಟಿಗಳು ಮೂಲತಃ ಅಲಂಕಾರಕ್ಕಾಗಿ ಬಂದವಲ್ಲ. ಓಡುವಾಗ, ತಿರುಗುವಾಗ ತೊಗಲು ಹಿಗ್ಗಿ ಶೂ ಸಡಿಲಗೊಳ್ಳುತ್ತದೆ. ಸಡಿಲವಾದ ಶೂವಿನೊಳಗೆ ಪಾದ ಜಾರಿ ಬೊಬ್ಬೆ ಏಳುತ್ತದೆ, ಕಾಲು ಉಳುಕುವುದೂ ಸುಲಭ. ಪಾದದ ನಡುಭಾಗದ ಎರಡೂ ಪಕ್ಕಗಳಲ್ಲಿ ತೊಗಲಿನ ಪಟ್ಟಿಗಳನ್ನು ಹೊಲಿದಾಗ ಶೂ ತನ್ನ ಆಕಾರವನ್ನು ಉಳಿಸಿಕೊಂಡು ಪಾದವನ್ನು ಬಿಗಿಯಾಗಿ ಹಿಡಿದಿಡುತ್ತಿತ್ತು. ದೂರದಿಂದಲೂ ಕಾಣುವ ಈ ಪಟ್ಟಿಗಳು ಕಾಲಕ್ರಮದಲ್ಲಿ ವ್ಯಾಪಾರ ಮುದ್ರೆಯಾಗಿ ಪ್ರಸಿದ್ಧವಾದವು.

1954ರ ವಿಶ್ವಕಪ್ ಫುಟ್ಬಾಲ್

ಆಡಿಯವರಿಗೆ ಅಪಾರ ಖ್ಯಾತಿ ತಂದ ಘಟನೆ ನಡೆದದ್ದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಜುಲೈ 4, 1954ರಂದು. ವಿಶ್ವಕಪ್ ಫುಟ್ಬಾಲ್‌ನ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿ ಹಂಗೇರಿಯನ್ನು ಎದುರಿಸಿತು. ನಾಲ್ಕು ವರ್ಷಗಳಿಂದ ಸೋಲನ್ನೇ ಕಾಣದಿದ್ದ ಹಂಗೇರಿ, ಅದೇ ಕೂಟದ ಆರಂಭದ ಹಂತದಲ್ಲಿ ಪಶ್ಚಿಮ ಜರ್ಮನಿಯನ್ನು 8–3 ಗೋಲುಗಳಿಂದ ಸೋಲಿಸಿತ್ತು. ಅಂತಿಮ ಪಂದ್ಯದ ದಿನ ಮಳೆ ಸುರಿದು ಮೈದಾನ ಕೆಸರಾಯಿತು.

ಆ ಕಾಲದ ಸಾಮಾನ್ಯ ಫುಟ್ಬಾಲ್ ಬೂಟುಗಳು ಭಾರವಾಗಿದ್ದವು, ಅವುಗಳ ತಳದ ಗುಬುಟುಗಳನ್ನು ಶಾಶ್ವತವಾಗಿ ಹೊಡೆದು ಕೂರಿಸಲಾಗಿರುತ್ತಿತ್ತು. ನೆಲ ಒಣಗಿರಲಿ ಒದ್ದೆಯಾಗಿರಲಿ, ಆಟಗಾರನಿಗೆ ಬೇರೆ ದಾರಿಯಿರಲಿಲ್ಲ. ಆಡಿ ಜರ್ಮನ್ ತಂಡಕ್ಕೆ ಒದಗಿಸಿದ ಬೂಟುಗಳು ಹಗುರವಾಗಿದ್ದವು. ಅವುಗಳ ಗುಬುಟುಗಳನ್ನು ತಿರುಪಿನಿಂದ ಬಿಚ್ಚಿ, ನೆಲಕ್ಕೆ ತಕ್ಕ ಉದ್ದದ ಬೇರೆ ಗುಬುಟುಗಳನ್ನು ಕೂರಿಸಬಹುದಾಗಿತ್ತು. ತಂಡದೊಂದಿಗೇ ಪ್ರಯಾಣಿಸಿದ್ದ ಆಡಿ, ತರಬೇತುದಾರ ಸೆಪ್ ಹೆರ್ಬೆರ್ಗರ್ ಅವರ ಸೂಚನೆಯಂತೆ ಕೆಸರಿಗೆ ಹೊಂದುವ ಉದ್ದನೆಯ ಗುಬುಟುಗಳನ್ನು ಅಳವಡಿಸಿದರು. ಮೊದಲ 8 ನಿಮಿಷಗಳಲ್ಲೇ ಎರಡು ಗೋಲುಗಳಿಂದ ಹಿಂದೆ ಬಿದ್ದ ಪಶ್ಚಿಮ ಜರ್ಮನಿ ಚೇತರಿಸಿಕೊಂಡು 3–2ರಿಂದ ಗೆದ್ದಿತು. ಈ ಗೆಲುವನ್ನು ಬರ್ನ್‌ನ ಪವಾಡ ಎಂದು ಕರೆಯಲಾಗುತ್ತದೆ.

ಗೆಲುವಿಗೆ ಶೂ ಒಂದೇ ಕಾರಣವಾಗಿರಲಿಲ್ಲ. ಬಿಚ್ಚಿ ಜೋಡಿಸುವ ಗುಬುಟುಗಳನ್ನು ಮೊದಲು ರೂಪಿಸಿದವರು ಯಾರೆಂಬುದೂ ವಿವಾದಾಸ್ಪದ. ಅಂಥ ಬೂಟನ್ನು ತಾನು ಮೊದಲೇ ಮಾರುಕಟ್ಟೆಗೆ ತಂದಿದ್ದಾಗಿ ಪೂಮಾ ಸಂಸ್ಥೆ ಹೇಳುತ್ತದೆ. ಆದರೂ ನೆಲ ಬದಲಾದಾಗ ಪಾದರಕ್ಷೆಯೂ ಬದಲಾಗಬೇಕು ಎಂಬ ಮಾತು ಜಗತ್ತಿಗೆ ಕಣ್ಣಾರೆ ಕಂಡದ್ದು ಆ ಪಂದ್ಯದಲ್ಲಿ.

ಕಾರ್ಯವಿಧಾನ

ಉದ್ಯಮ ಎಷ್ಟೇ ಬೆಳೆದರೂ ಆಡಿ ತಮ್ಮನ್ನು ವ್ಯಾಪಾರಿಯೆನ್ನುವುದಕ್ಕಿಂತ ಕುಶಲಕರ್ಮಿಯಾಗಿಯೇ ಉಳಿಸಿಕೊಂಡರು. ಸ್ಪರ್ಧೆಗಳಿಗೆ ಸ್ವತಃ ಹೋಗಿ, ಕ್ರೀಡಾಪಟುಗಳ ಪಾದಗಳ ಚಲನೆಯನ್ನು ಗಮನಿಸುತ್ತಿದ್ದರು. ಎಲ್ಲಿ ನೋವಾಗುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ಅವರನ್ನೇ ಕೇಳಿ ತಿಳಿಯುತ್ತಿದ್ದರು. ಹೊಸ ಶೂಗಳನ್ನು ತಾವೇ ತೊಟ್ಟು ಪರೀಕ್ಷಿಸುತ್ತಿದ್ದರು. ಪ್ರಸಿದ್ಧ ಕ್ರೀಡಾಪಟುಗಳು ಬಳಸಿ ಬಿಟ್ಟ ಶೂಗಳನ್ನು ಸಂಗ್ರಹಿಸಿಡುವ ರೂಢಿಯೂ ಅವರಿಗಿತ್ತು. ಸವೆದ ಶೂ ಒಂದು ದಾಖಲೆಯಿದ್ದಂತೆ. ಭಾರ ಎಲ್ಲಿ ಬಿದ್ದಿದೆ, ಅಟ್ಟೆ ಯಾವ ಅಂಚಿನಲ್ಲಿ ತೇದಿದೆ, ಹೊಲಿಗೆ ಎಲ್ಲಿ ಬಿಟ್ಟಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ.

ಅವರು ರೂಪಿಸಿದ ಶೂಗಳಲ್ಲಿನ ವ್ಯತ್ಯಾಸಗಳು ಕ್ರೀಡೆಗಳ ಸ್ವರೂಪದಿಂದಲೇ ಹುಟ್ಟಿದವು. ಕಡಿಮೆ ದೂರವನ್ನು ವೇಗವಾಗಿ ಓಡುವವನು ಮುಂಗಾಲಿನ ಮೇಲೆ ಓಡುತ್ತಾನೆ. ಅವನಿಗೆ ಮುಂಭಾಗದಲ್ಲಿ ಮೊಳೆಗಳು ಸಾಕು, ಶೂ ಅತ್ಯಂತ ಹಗುರವಾಗಿರಬೇಕು. ಜಿಗಿಯುವವನ ಹಿಮ್ಮಡಿಗೆ ದೇಹದ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಹೊಡೆತ ಬೀಳುವುದರಿಂದ ಅಲ್ಲಿ ರಕ್ಷಣೆ ಬೇಕು. ಕಲ್ಲಿದ್ದಲಿನ ಕಿಟ್ಟದ ಪುಡಿ ಹರಡಿದ ಹಳೆಯ ಓಟದ ಹಾದಿಗಳಲ್ಲಿ ಉದ್ದನೆಯ ಮೊಳೆಗಳು ಬೇಕಾಗುತ್ತಿದ್ದವು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಕೃತಕ ಹಾದಿ ಬಂದ ಮೇಲೆ ಚಿಕ್ಕ ಮೊಳೆಗಳು ಸಾಕಾದವು. ಹೆಪ್ಪುಗಟ್ಟಿದ ಗಟ್ಟಿ ನೆಲದಲ್ಲಿ ಫುಟ್ಬಾಲ್ ಆಡುವವರಿಗಾಗಿ ಗುಬುಟುಗಳಿಲ್ಲದ, ಹಿಡಿತವುಳ್ಳ ರಬ್ಬರ್ ಅಟ್ಟೆಯ ಸಾಂಬಾ ಎಂಬ ಶೂ ತಯಾರಾಯಿತು. ಥಟ್ಟನೆ ನಿಂತು ಪಕ್ಕಕ್ಕೆ ತಿರುಗುವ ಬಾಸ್ಕೆಟ್‌ಬಾಲ್ ಆಟಗಾರರಿಗೆ ಕಾಲ್ಬೆರಳುಗಳ ಮೇಲೆ ರಬ್ಬರಿನ ಚಿಪ್ಪುಳ್ಳ ಸೂಪರ್‌ಸ್ಟಾರ್ ಶೂ 1969ರ ಸುಮಾರಿಗೆ ಬಂದಿತು. ಹಗುರವೂ ಗಟ್ಟಿಯೂ ಆದ ಕಾಂಗರೂ ತೊಗಲು ಮತ್ತು ನೈಲಾನ್‌ನಂಥ ವಸ್ತುಗಳನ್ನು ಅವರು ಬಳಕೆಗೆ ತಂದರು.

ಕೊನೆಯ ವರ್ಷಗಳು ಮತ್ತು ನಿಧನ

ಒಲಿಂಪಿಕ್ಸ್ ಮತ್ತು ವಿಶ್ವಕಪ್‌ಗಳು ದೂರದರ್ಶನದ ಮೂಲಕ ಜಗತ್ತನ್ನು ತಲುಪತೊಡಗಿದಾಗ ಕ್ರೀಡಾ ಶೂಗಳ ವ್ಯಾಪಾರದ ರೀತಿಯೇ ಬದಲಾಯಿತು. ಮಗ ಹೋರ್ಸ್ಟ್ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳಿಗೆ ಶೂಗಳನ್ನು ಉಚಿತವಾಗಿ ಹಂಚಿದರು. ಮುಂದೆ ಅಡಿಡಾಸ್ ಮತ್ತು ಪೂಮಾಗಳ ಪೈಪೋಟಿಯಲ್ಲಿ ಕ್ರೀಡಾಪಟುಗಳಿಗೆ ಗುಟ್ಟಾಗಿ ಹಣ ಕೊಡುವ ಪದ್ಧತಿಯೂ ಬೆಳೆಯಿತು. ಪಾದಕ್ಕೆ ಹೊಂದುವ ಶೂವನ್ನು ಆರಿಸಿಕೊಳ್ಳುವುದರ ಬದಲು ಹಣ ಕೊಡುವವರ ಶೂವನ್ನು ತೊಡುವ ಕಾಲ ಹೀಗೆ ಆರಂಭವಾಯಿತು.

1978ರಲ್ಲಿ ಅಮೆರಿಕದ ಕ್ರೀಡಾ ಸಾಮಗ್ರಿ ಉದ್ಯಮದ ಗೌರವ ಪಟ್ಟಿಗೆ ಆಡಿಯವರನ್ನು ಸೇರಿಸಲಾಯಿತು. ಅಮೆರಿಕದವರಲ್ಲದೆ ಆ ಗೌರವ ಪಡೆದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ಸೆಪ್ಟೆಂಬರ್ 6ರಂದು, 77ನೆಯ ವಯಸ್ಸಿನಲ್ಲಿ, ಹುಟ್ಟೂರಿನಲ್ಲಿಯೇ ಅವರು ನಿಧನರಾದರು. ಅಣ್ಣ ರುಡಾಲ್ಫ್ 1974ರಲ್ಲಿ ತೀರಿಕೊಂಡಿದ್ದರು. ಊರಿನ ಒಂದೇ ಸ್ಮಶಾನದಲ್ಲಿ ಇಬ್ಬರ ಸಮಾಧಿಗಳೂ ಇವೆ, ಆದರೆ ಒಂದಕ್ಕೊಂದು ದೂರವಾಗಿ ಎರಡು ತುದಿಗಳಲ್ಲಿ. ಆಡಿಯವರ ನಂತರ ಕೇಟೆ ಡಾಸ್ಲರ್ ಸಂಸ್ಥೆಯನ್ನು ಮುನ್ನಡೆಸಿದರು. 1984ರಲ್ಲಿ ಅವರು ತೀರಿಕೊಂಡ ಮೇಲೆ ಹೋರ್ಸ್ಟ್ ಹೊಣೆ ವಹಿಸಿಕೊಂಡು, 1987ರಲ್ಲಿ ನಿಧನರಾದರು.

ಪ್ರಭಾವ ಮತ್ತು ಮೌಲ್ಯಮಾಪನ

ಸ್ಪರ್ಧೆಯ ಕ್ರೀಡಾಪಟುಗಳಿಗಾಗಿ ಆಡಿ ಕಂಡುಕೊಂಡ ಸೂತ್ರಗಳು ಇಂದು ಆರೋಗ್ಯಕ್ಕಾಗಿ ನಡೆಯುವ, ಓಡುವ, ಆಡುವ ಸಾಮಾನ್ಯರಿಗೂ ಅನ್ವಯಿಸುತ್ತವೆ. ಓಟದ ಶೂ ಮುಂದಕ್ಕೆ ಚಲಿಸುವ ಪಾದಕ್ಕಾಗಿ ಮಾಡಿದ್ದು. ಅದರ ಎತ್ತರದ ಮೆತ್ತನೆಯ ಅಟ್ಟೆ ಬ್ಯಾಡ್ಮಿಂಟನ್, ಟೆನಿಸ್‌ನಂಥ ಪಕ್ಕಚಲನೆಯ ಆಟಗಳಲ್ಲಿ ಕಾಲು ಉಳುಕಲು ಕಾರಣವಾಗಬಹುದು. ಗಟ್ಟಿ ನೆಲದ ಮೇಲೆ ಉದ್ದ ಗುಬುಟಿನ ಫುಟ್ಬಾಲ್ ಬೂಟು ಪಾದವನ್ನು ನೆಲಕ್ಕೆ ಕಚ್ಚಿಹಿಡಿದಾಗ, ದೇಹ ತಿರುಗಿದ ಬಲವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಆದ್ದರಿಂದ ಶೂ ಆರಿಸುವಾಗ ಮೊದಲು ಕೇಳಬೇಕಾದದ್ದು ಆಟ ಯಾವುದು, ನೆಲ ಯಾವುದು ಎಂಬುದು.

ಅಳತೆಯ ವಿಷಯದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಕೆಲವು ಸಲಹೆಗಳಿವೆ. ದಿನವಿಡೀ ನಡೆದಾಡಿದ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಸಂಜೆಯ ಹೊತ್ತು ಶೂ ಕೊಳ್ಳುವುದು ಒಳ್ಳೆಯದು. ಎರಡು ಪಾದಗಳ ಅಳತೆ ಒಂದೇ ಆಗಿರದ ಕಾರಣ ದೊಡ್ಡ ಪಾದಕ್ಕೆ ಹೊಂದುವ ಅಳತೆಯನ್ನು ಆರಿಸಬೇಕು. ಆಡುವಾಗ ಧರಿಸುವ ಕಾಲುಚೀಲವನ್ನೇ ಹಾಕಿಕೊಂಡು ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು, ಹಿಮ್ಮಡಿ ಜಾರಬಾರದು. ಮಡಚಿದಾಗ ಶೂ ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಲ್ಲ. ಅಟ್ಟೆ ಒಂದು ಬದಿಗೆ ತೇದಾಗ ಅಥವಾ ಒಳಗಿನ ಮೆತ್ತೆ ಕುಗ್ಗಿದಾಗ, ಮೇಲ್ನೋಟಕ್ಕೆ ಹೊಸದಾಗಿ ಕಂಡರೂ, ಆ ಶೂವನ್ನು ಬದಲಿಸಬೇಕು.

ಆದರೆ ಶೂ ಗಾಯವನ್ನು ಎಷ್ಟರಮಟ್ಟಿಗೆ ತಡೆಯಬಲ್ಲದು ಎಂಬ ವಿಷಯದಲ್ಲಿ ನಂತರದ ಸಂಶೋಧನೆಗಳು ಎಚ್ಚರಿಕೆ ಕಲಿಸಿವೆ. ಪಾದದ ಕಮಾನಿನ ಆಕಾರವನ್ನು ನೋಡಿ ಓಟದ ಶೂ ಆರಿಸಿದರೆ ಗಾಯಗಳು ಕಡಿಮೆಯಾಗುತ್ತವೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 2010ರ ಆಸುಪಾಸಿನಲ್ಲಿ ಅಮೆರಿಕದ ಸೈನ್ಯದ ಹೊಸ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಈ ಕ್ರಮದಿಂದ ಗಮನಾರ್ಹ ಪ್ರಯೋಜನ ಕಂಡುಬರಲಿಲ್ಲ. 2015ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಮತ್ತು ಸಂಗಡಿಗರು, ತೊಟ್ಟವರಿಗೆ ಹಿತವೆನಿಸುವುದೇ ಶೂ ಆಯ್ಕೆಯ ಮುಖ್ಯ ಮಾನದಂಡವಾಗಬೇಕೆಂದು ಸೂಚಿಸಿದರು. ಓಟಗಾರರ ಗಾಯಗಳಲ್ಲಿ ಹಲವಕ್ಕೆ ಅಭ್ಯಾಸದ ದೂರವನ್ನೂ ವೇಗವನ್ನೂ ದಿಢೀರನೆ ಏರಿಸುವುದೇ ಕಾರಣವೆಂಬ ಅಭಿಪ್ರಾಯ ತಜ್ಞರಲ್ಲಿದೆ. ಅಂಥ ಗಾಯಗಳನ್ನು ಯಾವ ಶೂವೂ ತಾನೊಂದೇ ತಡೆಯಲಾರದು. ಪಾದವನ್ನು ತೊಟ್ಟವರನ್ನೇ ಕೇಳಿ ತಿಳಿಯಬೇಕೆಂಬ ಡಾಸ್ಲರ್ ಅವರ ಪದ್ಧತಿ ಈ ಹೊಸ ತಿಳಿವಳಿಕೆಗೆ ಹತ್ತಿರವಾಗಿದೆ.

ಹೆರ್ಜೋಗೆನೌರಾಖ್‌ನಲ್ಲಿರುವ ಕ್ರೀಡಾಂಗಣಕ್ಕೆ ಆಡಿ ಡಾಸ್ಲರ್ ಅವರ ಹೆಸರಿಡಲಾಗಿದೆ. ಅಲ್ಲಿ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿರುವಂತೆ ಅವರ ಪ್ರತಿಮೆಯನ್ನು 2006ರಲ್ಲಿ ಸ್ಥಾಪಿಸಲಾಯಿತು. ಸಹೋದರರ ಬೇರ್ಪಡಿಕೆಯ ಆರು ದಶಕಗಳ ನಂತರ, ಸೆಪ್ಟೆಂಬರ್ 21, 2009ರಂದು, ವಿಶ್ವ ಶಾಂತಿ ದಿನದ ಅಂಗವಾಗಿ ಅಡಿಡಾಸ್ ಮತ್ತು ಪೂಮಾ ಸಂಸ್ಥೆಗಳ ನೌಕರರು ಕೂಡಿ ಸ್ನೇಹದ ಫುಟ್ಬಾಲ್ ಪಂದ್ಯವಾಡಿದರು. ಎರಡೂ ಸಂಸ್ಥೆಗಳ ಕೇಂದ್ರ ಕಚೇರಿಗಳು ಇಂದಿಗೂ ಅದೇ ಊರಿನಲ್ಲಿವೆ.